ಓದು ತಪಸ್ಸಾಗುವ ಬಗೆ

ಜೈನಾಗಮವು ತಪಸ್ಸನ್ನು ಬಾಹ್ಯ ಮತ್ತು ಆಭ್ಯಂತರ ಎಂದು ಎರಡಾಗಿ ವಿಂಗಡಿಸಿ, ಒಂದೊಂದರಲ್ಲೂ ಆರು ಭೇದಗಳನ್ನು ಹೇಳುತ್ತದೆ. ಉಪವಾಸ, ರಸಪರಿತ್ಯಾಗ, ಕಾಯಕ್ಲೇಶ ಮೊದಲಾದವು ಹೊರಗಣ್ಣಿಗೆ ಕಾಣುವ ತಪಸ್ಸುಗಳು. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಇವು ಅಂತರಂಗದ ತಪಸ್ಸುಗಳು. ಅಧ್ಯಯನವನ್ನು ಧ್ಯಾನದ ಪಂಕ್ತಿಯಲ್ಲಿಯೇ ಕೂರಿಸಿದ್ದು ಈ ಪರಂಪರೆಯ ಹಿರಿಮೆ. ಸ್ವಾಧ್ಯಾಯವೆಂದರೆ ಆತ್ಮಹಿತಕ್ಕಾಗಿ ಮಾಡುವ ಶಾಸ್ತ್ರಾಭ್ಯಾಸವೇ ಹೊರತು ವಿಶ್ವವಿದ್ಯಾಲಯದ ಪಠ್ಯದ ಓದಲ್ಲ, ನಿಜ. ಆದರೆ ಶಾಸ್ತ್ರವನ್ನು ಕಲಿಯುವ ಮನಸ್ಸೂ ಪಠ್ಯವನ್ನು ಕಲಿಯುವ ಮನಸ್ಸೂ ಬೇರೆಯಲ್ಲ. ಆದುದರಿಂದ ಆಚಾರ್ಯರು ತೋರಿದ ಕ್ರಮ ಇಂದಿನ ವಿದ್ಯಾರ್ಥಿಗೂ ದಾರಿದೀಪವಾಗಬಲ್ಲದು.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯಕ್ಕೆ ಐದು ಅಂಗಗಳನ್ನು ಹೇಳಿದ್ದಾರೆ. ಗ್ರಂಥವನ್ನೂ ಅದರ ಅರ್ಥವನ್ನೂ ದೋಷವಿಲ್ಲದೆ ಗ್ರಹಿಸುವುದು ವಾಚನಾ. ಸಂಶಯವನ್ನು ಕಳೆದುಕೊಳ್ಳಲು, ಅಥವಾ ತಿಳಿದದ್ದನ್ನು ಗಟ್ಟಿಮಾಡಿಕೊಳ್ಳಲು ಪ್ರಶ್ನಿಸುವುದು ಪೃಚ್ಛನಾ. ತಿಳಿದ ಅರ್ಥವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಚಿಂತಿಸುವುದು ಅನುಪ್ರೇಕ್ಷಾ. ಶುದ್ಧವಾದ ಉಚ್ಚಾರಣೆಯಿಂದ ಆವರ್ತನೆ ಮಾಡುವುದು ಆಮ್ನಾಯ. ಅರಿತದ್ದನ್ನು ಇತರರಿಗೆ ತಿಳಿಸುವುದು ಧರ್ಮೋಪದೇಶ. ಈ ಐದೂ ಕೂಡಿದಾಗ ಮಾತ್ರ ಸ್ವಾಧ್ಯಾಯ ಪೂರ್ಣವಾಗುತ್ತದೆ.

ಬಹುಪಾಲು ವಿದ್ಯಾರ್ಥಿಗಳ ಅಭ್ಯಾಸ ಮೊದಲನೆಯ ಅಂಗದಲ್ಲಿಯೇ ನಿಂತುಬಿಡುತ್ತದೆ. ಪುಟಗಳನ್ನು ಮತ್ತೆ ಮತ್ತೆ ತಿರುವಿಹಾಕುವುದು, ಸಾಲುಗಳಿಗೆ ಬಣ್ಣ ಹಚ್ಚುವುದು, ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡುವುದು ಇವೇ ಓದು ಎಂಬ ಭಾವನೆ ಬೇರೂರಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಭಾವನೆಯನ್ನು ಒರೆಗೆ ಹಚ್ಚಿತು. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದರು. ಕೆಲವರು ಓದಿದ ಬಳಿಕ ಹಾಳೆಯನ್ನು ಬದಿಗಿಟ್ಟು, ನೆನಪಿನಿಂದ ಬರೆದರು. ಐದು ನಿಮಿಷದ ತರುವಾಯ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಅನಂತರ ನೋಡಿದರೆ, ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು. ಆದರೂ ಹೆಚ್ಚಿನ ಆತ್ಮವಿಶ್ವಾಸವಿದ್ದುದು ಮತ್ತೆ ಮತ್ತೆ ಓದಿದವರಲ್ಲಿ! ಕಣ್ಣಿಗೆ ಪರಿಚಿತವಾದದ್ದೆಲ್ಲ ಮನಸ್ಸಿಗೆ ತಿಳಿದಿದೆ ಎಂಬ ಭ್ರಮೆ ಇದು. ಗ್ರಂಥವನ್ನು ಮುಚ್ಚಿ ಒಳಗೇ ಅರ್ಥವನ್ನು ಹುಡುಕುವ ಅನುಪ್ರೇಕ್ಷೆ ಈ ಭ್ರಮೆಯನ್ನು ಕಳೆಯುತ್ತದೆ.

ಆಮ್ನಾಯದ ಮಹತ್ತ್ವವೂ ಹೀಗೆಯೇ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಮರೆವಿನ ಗತಿಯನ್ನು ಅಳೆದು, 1885ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲಿಯೇ ಬಹುವೇಗವಾಗಿ ಜಾರಿಹೋಗುತ್ತದೆ, ಒಂದೇ ದಿನದ ಅತಿಯಾದ ಪಠಣಕ್ಕಿಂತ ದಿನಗಳ ಅಂತರದಲ್ಲಿ ಹಂಚಿದ ಪಠಣ ಲೇಸು ಎಂಬುದನ್ನು ಅವನು ಕಂಡುಕೊಂಡನು. ನಿಯತಕಾಲದಲ್ಲಿ, ನಿತ್ಯವೂ ಸ್ವಾಧ್ಯಾಯ ಮಾಡಬೇಕೆಂಬ ನಿಯಮದ ಹಿಂದೆ ಇರುವುದೂ ಇದೇ ವಿವೇಕ.

ಕಲಿಕೆಯಲ್ಲಿ ಸ್ವಂತ ವಿವೇಚನೆಯ ಸ್ಥಾನವೇನೆಂಬುದಕ್ಕೆ ಧರಸೇನಾಚಾರ್ಯರ ವೃತ್ತಾಂತ ನಿದರ್ಶನ. ಗಿರಿನಾರಿನ ಚಂದ್ರಗುಹೆಯಲ್ಲಿದ್ದ ಆ ವೃದ್ಧ ಆಚಾರ್ಯರಿಗೆ ತಮ್ಮೊಡನೆ ಶ್ರುತಜ್ಞಾನವೂ ಅಳಿದುಹೋದೀತೆಂಬ ಚಿಂತೆ. ಅವರ ಕರೆಯಂತೆ ಬಂದ ಇಬ್ಬರು ಮುನಿಗಳಿಗೆ ಒಂದೊಂದು ಮಂತ್ರವನ್ನು ಕೊಟ್ಟರು. ಒಂದರಲ್ಲಿ ಒಂದಕ್ಷರ ಹೆಚ್ಚು, ಇನ್ನೊಂದರಲ್ಲಿ ಒಂದಕ್ಷರ ಕಡಿಮೆ. ಅದನ್ನು ಅವರಿಗೆ ಹೇಳಲಿಲ್ಲ. ಸಾಧನೆಯ ಕೊನೆಯಲ್ಲಿ ಒಬ್ಬರಿಗೆ ಹಲ್ಲುಬ್ಬಿದ ದೇವತೆಯೂ ಮತ್ತೊಬ್ಬರಿಗೆ ಒಕ್ಕಣ್ಣಿನ ದೇವತೆಯೂ ಕಾಣಿಸಿಕೊಂಡರು. ದೇವತೆಗಳಿಗೆ ಅಂಗವಿಕಾರವಿರದೆಂದು ಯೋಚಿಸಿದ ಮುನಿಗಳು ಮಂತ್ರವನ್ನೇ ಪರಿಶೀಲಿಸಿ, ಅಕ್ಷರವನ್ನು ತಿದ್ದಿಕೊಂಡು ಮತ್ತೆ ಜಪಿಸಿದರು. ದೇವತೆಗಳು ಸಹಜರೂಪದಲ್ಲಿ ಪ್ರತ್ಯಕ್ಷರಾದರು. ಅನಂತರವೇ ಆಚಾರ್ಯರು ಅವರಿಗೆ ಪಾಠವನ್ನಾರಂಭಿಸಿದರು. ಆ ಮುನಿಗಳೇ ಪುಷ್ಪದಂತ ಮತ್ತು ಭೂತಬಲಿ. ಅವರು ರಚಿಸಿದ ಷಟ್‌ಖಂಡಾಗಮವನ್ನು ವೀರಸೇನಾಚಾರ್ಯರ ಧವಲಾ ಟೀಕೆಯೊಡನೆ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದದ್ದು ನಮ್ಮ ಮೂಡುಬಿದಿರೆ. ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪೂಜೆ ಮಾಡುವವರು ನೆನೆಯಬೇಕಾದದ್ದು, ಕೊಟ್ಟದ್ದನ್ನು ಬರಿದೇ ಒಪ್ಪಿಸದೆ ಪರೀಕ್ಷಿಸಿದ ಶಿಷ್ಯರನ್ನೇ ಆ ಗುರು ಯೋಗ್ಯರೆಂದು ಬಗೆದದ್ದನ್ನು.

ಇನ್ನು ಓದುವ ಪ್ರೇರಣೆಯ ವಿಚಾರ. ವ್ರತಿಯನ್ನು ಚುಚ್ಚುವ ಮೂರು ಶಲ್ಯಗಳಲ್ಲಿ ನಿದಾನವೂ ಒಂದು; ತಪಸ್ಸಿಗೆ ಪ್ರತಿಯಾಗಿ ಭೋಗಫಲವನ್ನು ಬಯಸುವುದು ಅದರ ಲಕ್ಷಣ. ಮುಳ್ಳು ಹೊಕ್ಕ ಕಾಲು ನಡೆದರೂ ನೋವಿನಿಂದಲೇ ನಡೆಯುತ್ತದೆ. ಎಡ್ವರ್ಡ್ ಡೆಸಿ ಎಂಬ ಮನೋವಿಜ್ಞಾನಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಒಗಟು ಬಿಡಿಸಲು ಹಣ ಕೊಟ್ಟನು. ಹಣ ನಿಂತ ಮೇಲೆ ಒಗಟಿನಲ್ಲಿ ಅವರಿಗಿದ್ದ ಆಸಕ್ತಿಯೂ ಕುಗ್ಗಿತು. ಅಂಕ, ಸಂಬಳ, ಪ್ರತಿಷ್ಠೆಗಳನ್ನು ಬಯಸುವುದು ಗೃಹಸ್ಥಜೀವನದಲ್ಲಿ ತಪ್ಪಲ್ಲ; ಅವೇ ಓದಿನ ಉಸಿರಾದರೆ, ಅವು ದೂರವಾದ ದಿನ ಓದೂ ನಿಲ್ಲುತ್ತದೆ.

ಪ್ರತಿಷ್ಠೆಯ ಬೆನ್ನಿಗೇ ಬರುವುದು ಮತ್ಸರ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ನಿಹ್ನವ, ಮಾತ್ಸರ್ಯ, ಅಂತರಾಯಗಳನ್ನು ಹೆಸರಿಸುತ್ತದೆ. ತಿಳಿದಿದ್ದರೂ ತಿಳಿಯದೆನ್ನುವುದು, ಇವನು ನನಗೆ ಸಮನಾದಾನೆಂದು ಹೇಳಿಕೊಡದಿರುವುದು, ಮತ್ತೊಬ್ಬರ ಓದಿಗೆ ಅಡ್ಡಿಯಾಗುವುದು ಇವುಗಳಿಂದ ಆವರಿಸಲ್ಪಡುವುದು ತನ್ನದೇ ಜ್ಞಾನ. ಸಹಪಾಠಿಯಿಂದ ಟಿಪ್ಪಣಿಯನ್ನು ಬಚ್ಚಿಡುವವನು ಧರ್ಮೋಪದೇಶವೆಂಬ ಐದನೆಯ ಅಂಗವನ್ನೇ ಕಳೆದುಕೊಳ್ಳುತ್ತಾನೆ. ಇತರರಿಗೆ ವಿವರಿಸಹೊರಟಾಗಲೇ ಅಲ್ಲವೇ ತನ್ನ ತಿಳಿವಿನಲ್ಲಿನ ಬಿರುಕು ತನಗೆ ಕಾಣುವುದು?

ಒಂದು ಪರೀಕ್ಷೆಯಲ್ಲಿ ಸೋತು, ತಾವು ದಡ್ಡರೆಂದು ನಂಬಿ, ಬಾಳೇ ವ್ಯರ್ಥವಾಯಿತೆಂದು ಕುಸಿಯುವ ಎಳೆಯರಿದ್ದಾರೆ. ಅವರಿಗೂ ಅವರ ತಂದೆತಾಯಿಯರಿಗೂ ಜಿನಧರ್ಮ ಹೇಳುವುದು ಇಷ್ಟು: ಜ್ಞಾನ ಆತ್ಮದ ಸ್ವಭಾವ. ಮಂದಬುದ್ಧಿ ಎಂಬುದು ಆವರಣವೇ ಹೊರತು ಆತ್ಮವಲ್ಲ. ಮೋಡ ಕವಿದ ಮಾತ್ರಕ್ಕೆ ಸೂರ್ಯನಿಲ್ಲವೆನ್ನಲಾಗದು. ಶಿವಭೂತಿ ಮುನಿಗಳಿಗೆ ಗುರುಗಳು ಕಲಿಸಿದ್ದೊಂದೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಉದ್ದಿನ ಬೇಳೆಯಿಂದ ಸಿಪ್ಪೆ ಬೇರೆ ಎಂಬ ‘ತುಷಮಾಷ’ದ ಮಾತೊಂದನ್ನೇ ಹಿಡಿದು, ದೇಹ ಬೇರೆ ಆತ್ಮ ಬೇರೆ ಎಂಬುದನ್ನು ಶುದ್ಧಭಾವದಿಂದ ಚಿಂತಿಸಿ ಕೇವಲಜ್ಞಾನವನ್ನು ಪಡೆದರು. ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಅವರನ್ನು ಸ್ಮರಿಸಿದ್ದಾರೆ. ನೆನಪಿನ ಶಕ್ತಿಯೊಂದರಿಂದಲೇ ಜೀವದ ಬೆಲೆ ಕಟ್ಟಲಾಗದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮನೆಗೆ ಬಂದ ಮಗನನ್ನೋ ಮಗಳನ್ನೋ ಎಷ್ಟು ಅಂಕ ಬಂತೆಂದು ಕೇಳುವ ಮೊದಲು, ಇಂದು ಏನು ತಿಳಿಯಿತು, ಯಾವ ಪ್ರಶ್ನೆ ಮೂಡಿತು ಎಂದು ಕೇಳಬೇಕು. ಪುಸ್ತಕವನ್ನು ಮುಚ್ಚಿಟ್ಟು ಅದನ್ನು ತಮಗೂ ವಿವರಿಸೆಂದು ತಂದೆತಾಯಿ ಪಕ್ಕದಲ್ಲಿ ಕುಳಿತರೆ ಪೃಚ್ಛನೆ, ಅನುಪ್ರೇಕ್ಷೆ, ಉಪದೇಶ ಮೂರೂ ಅಲ್ಲಿಯೇ ನಡೆಯುತ್ತವೆ. ಮತ್ಸರವಿಲ್ಲದೆ, ಭಯವಿಲ್ಲದೆ, ದಿನದಿನವೂ ಇಷ್ಟಿಷ್ಟೇ ಸಾಗುವ ಅಂಥ ಓದಿನಿಂದ ಆವರಣ ತೆಳುವಾಗುತ್ತದೆ, ಜ್ಞಾನ ಬೆಳಗುತ್ತದೆ.