ಸ್ಥಿರಾಸ್ತಿಯಲ್ಲಿ ಹಣ ತೊಡಗಿಸುವ ಮುನ್ನ: ಬೆಲೆಯ ಹಿಂದಿರುವ ವೆಚ್ಚಗಳು

ವ್ಯಾಪಾರದಲ್ಲಿ ಉಳಿದ ಹಣವನ್ನು ನಿವೇಶನ, ಮಳಿಗೆ ಅಥವಾ ಗೋದಾಮಿನಲ್ಲಿ ತೊಡಗಿಸುವುದು ನಮ್ಮ ವರ್ತಕ ಸಮುದಾಯದಲ್ಲಿ ಬಹುಕಾಲದಿಂದ ಬಂದ ರೂಢಿ. ಸರಕು ಖರೀದಿಸುವಾಗ ಸಾಗಾಣಿಕೆ, ಹಮಾಲಿ, ದಲ್ಲಾಳಿಗಳನ್ನು ಪೈಸೆಗೆ ಪೈಸೆ ಲೆಕ್ಕ ಹಾಕುವ ವರ್ತಕರೂ ಸ್ಥಿರಾಸ್ತಿಯ ವಿಷಯದಲ್ಲಿ ಒಪ್ಪಿತ ಬೆಲೆಯನ್ನೇ ಅಸಲು ಎಂದು ಭಾವಿಸುವುದುಂಟು. ಈ ಭಾವನೆಯ ಪರಿಣಾಮವಾಗಿ ದುಡಿಯುವ ಬಂಡವಾಳಕ್ಕೇ ಕೊರತೆ ಉಂಟಾಗಬಹುದು.

ನೋಂದಣಿ ವೆಚ್ಚ

ಕರ್ನಾಟಕದಲ್ಲಿ 45 ಲಕ್ಷ ರೂ. ಮೀರಿದ ಸ್ವತ್ತಿನ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ. 5. ಈ ಶುಲ್ಕದ ಮೇಲೆ ಶೇ. 10ರಷ್ಟು ಉಪಕರ ಹಾಗೂ ನಗರ ಪ್ರದೇಶದಲ್ಲಿ ಶೇ. 2, ಗ್ರಾಮೀಣ ಪ್ರದೇಶದಲ್ಲಿ ಶೇ. 3ರಷ್ಟು ಅಧಿಭಾರ ಸೇರುತ್ತವೆ. ಶೇ. 1ರಷ್ಟಿದ್ದ ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿಸಲಾಯಿತು. ಹೀಗಾಗಿ ನಗರದಲ್ಲಿ ಒಟ್ಟು ಹೊರೆ ಶೇ. 7.6 ಆಗುತ್ತದೆ. ಒಪ್ಪಿತ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಮೌಲ್ಯ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ ವಿಧಿಸಲಾಗುತ್ತದೆ ಎಂಬುದನ್ನು ಮರೆಯಬಾರದು.

ಇದಲ್ಲದೆ ದಲ್ಲಾಳಿ, ದಾಖಲೆ ಪರಿಶೀಲಿಸುವ ವಕೀಲರ ಶುಲ್ಕ, ಖಾತಾ ವರ್ಗಾವಣೆ, ಸಾಲ ಪಡೆದಲ್ಲಿ ಬ್ಯಾಂಕಿನ ಸಂಸ್ಕರಣಾ ಶುಲ್ಕ ಮತ್ತು ಅಡಮಾನ ಪತ್ರದ ಮುದ್ರಾಂಕ ಇವೂ ಇವೆ. ಇವುಗಳಲ್ಲಿ ವಕೀಲರ ಶುಲ್ಕವನ್ನು ಉಳಿಸಲು ಹೋಗುವುದು ಜಾಣತನವಲ್ಲ. ಹಕ್ಕುಪತ್ರದಲ್ಲಿ ದೋಷವಿರುವ ಸ್ವತ್ತು ಎಷ್ಟು ಅಗ್ಗವಾದರೂ ದುಬಾರಿಯೇ.

ತೆರಿಗೆಗಳು

ನಿರ್ಮಾಣ ಹಂತದಲ್ಲಿರುವ ವಾಣಿಜ್ಯ ಮಳಿಗೆಗೆ ಸಾಮಾನ್ಯವಾಗಿ ಶೇ. 12, ವಸತಿ ಗೃಹಕ್ಕೆ ಶೇ. 5 (ಕೈಗೆಟುಕುವ ದರದ ಮನೆಗಳಿಗೆ ಶೇ. 1) ಸರಕು ಮತ್ತು ಸೇವಾ ತೆರಿಗೆ ಅನ್ವಯಿಸುತ್ತದೆ. ಪೂರ್ಣತಾ ಪ್ರಮಾಣಪತ್ರ ದೊರೆತ ಮೇಲೆ ಮಾರಾಟವಾಗುವ ಕಟ್ಟಡಕ್ಕೆ ಈ ತೆರಿಗೆ ಇಲ್ಲ.

ಬೆಲೆ 50 ಲಕ್ಷ ರೂ. ಅಥವಾ ಹೆಚ್ಚಿದ್ದರೆ ಖರೀದಿದಾರನು ನಿವಾಸಿ ಮಾರಾಟಗಾರನಿಗೆ ಕೊಡುವ ಹಣದಲ್ಲಿ ಶೇ. 1ರಷ್ಟನ್ನು ಮೂಲದಲ್ಲೇ ಕಡಿತಗೊಳಿಸಿ ಸರ್ಕಾರಕ್ಕೆ ಕಟ್ಟಬೇಕು. ಇದು ಹೆಚ್ಚುವರಿ ವೆಚ್ಚವಲ್ಲ. ಆದರೆ ಕಟ್ಟಲು ತಪ್ಪಿದರೆ ಬಡ್ಡಿ ಮತ್ತು ದಂಡ ಖರೀದಿದಾರನ ಮೇಲೆಯೇ ಬೀಳುತ್ತವೆ.

ಬಾಡಿಗೆಯ ಲೆಕ್ಕದಲ್ಲೂ ಒಂದು ಅಂಶ ಗಮನಾರ್ಹ. ಜಿ.ಎಸ್.ಟಿ. ನೋಂದಣಿ ಇಲ್ಲದ ಮಾಲೀಕರ ವಾಣಿಜ್ಯ ಕಟ್ಟಡವನ್ನು ನೋಂದಾಯಿತ ವರ್ತಕರು ಬಾಡಿಗೆಗೆ ಪಡೆದರೆ, 2024ರ ಅಕ್ಟೋಬರ್ 10ರಿಂದ ಶೇ. 18ರ ತೆರಿಗೆಯನ್ನು ಬಾಡಿಗೆದಾರರೇ ಕಟ್ಟಬೇಕಾಗಿದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಬಳಿಕ ವಿನಾಯಿತಿ ನೀಡಲಾಯಿತು.

ಒಂದು ಉದಾಹರಣೆ

ನಗರದಲ್ಲಿ 80 ಲಕ್ಷ ರೂ.ಗೆ ಹಳೆಯ ಮಳಿಗೆಯೊಂದನ್ನು ಕೊಳ್ಳಲಾಗಿದೆ ಎಂದಿಟ್ಟುಕೊಳ್ಳೋಣ.

ಮುದ್ರಾಂಕ ಶುಲ್ಕ: 4,00,000 ರೂ.
ಉಪಕರ ಮತ್ತು ಅಧಿಭಾರ: 48,000 ರೂ.
ನೋಂದಣಿ ಶುಲ್ಕ: 1,60,000 ರೂ.
ದಲ್ಲಾಳಿ (ಶೇ. 1 ಎಂದು ಭಾವಿಸಿ): 80,000 ರೂ.
ವಕೀಲರು, ಖಾತಾ, ಇತರೆ (ಅಂದಾಜು): 52,000 ರೂ.
ಒಟ್ಟು ಹೆಚ್ಚುವರಿ ವೆಚ್ಚ: 7,40,000 ರೂ.

ಅಂದರೆ ನಿಜವಾದ ಅಸಲು 87.40 ಲಕ್ಷ ರೂ. ತಿಂಗಳಿಗೆ 32,000 ರೂ. ಬಾಡಿಗೆ ಬಂದರೆ ವರ್ಷಕ್ಕೆ 3.84 ಲಕ್ಷ, ಮೇಲ್ನೋಟಕ್ಕೆ ಇದು ಶೇ. 4.8ರ ಪ್ರತಿಫಲ. ಒಂದು ತಿಂಗಳು ಮಳಿಗೆ ಖಾಲಿ ಇದ್ದು, ಆಸ್ತಿ ತೆರಿಗೆ, ನಿರ್ವಹಣೆ, ವಿಮೆ, ದುರಸ್ತಿಗೆ 52,000 ರೂ. ತಗುಲಿದರೆ ಉಳಿಯುವುದು 3 ಲಕ್ಷ. ಅಸಲಿನ ಮೇಲೆ ಇದು ಸುಮಾರು ಶೇ. 3.4 ಮಾತ್ರ, ಆದಾಯ ತೆರಿಗೆಯನ್ನು ಇನ್ನೂ ಕಳೆದಿಲ್ಲ. ಇದಕ್ಕಾಗಿ ಓವರ್‌ಡ್ರಾಫ್ಟ್ ಹಣ ಬಳಸಿದವರಿಗೆ ಬಾಡಿಗೆಯಿಂದ ಬಡ್ಡಿಯೂ ಹುಟ್ಟದು.

ಮಾರುವಾಗ

ಅದೇ ಮಳಿಗೆಯನ್ನು ಮತ್ತೆ ಶೇ. 1 ದಲ್ಲಾಳಿ ಕೊಟ್ಟು ಮಾರಿದರೆ, ಅಸಲು ಕೈಸೇರಲು ಬೆಲೆ ಶೇ. 10ಕ್ಕಿಂತ ಹೆಚ್ಚು ಏರಿರಬೇಕು. 24 ತಿಂಗಳು ಮೀರಿ ಇಟ್ಟುಕೊಂಡ ಸ್ವತ್ತಿನ ಲಾಭಕ್ಕೆ 2024ರ ಜುಲೈ 23ರಿಂದ ಶೇ. 12.5ರ ತೆರಿಗೆಯಿದ್ದು, ಹಣದುಬ್ಬರ ಸೂಚ್ಯಂಕದ ಅನುಕೂಲವನ್ನು ತೆಗೆಯಲಾಗಿದೆ. ಅದಕ್ಕೂ ಮುನ್ನ ಕೊಂಡ ಭೂಮಿ, ಕಟ್ಟಡಗಳಿಗೆ ನಿವಾಸಿ ವ್ಯಕ್ತಿಗಳು ಮತ್ತು ಹಿಂದೂ ಅವಿಭಕ್ತ ಕುಟುಂಬಗಳು ಸೂಚ್ಯಂಕ ಸಹಿತ ಶೇ. 20ರ ಲೆಕ್ಕದೊಡನೆ ಹೋಲಿಸಿ, ಕಡಿಮೆಯಾದ ತೆರಿಗೆಯನ್ನು ಕಟ್ಟಬಹುದು. ಮುದ್ರಾಂಕ, ನೋಂದಣಿ ಮತ್ತು ದಲ್ಲಾಳಿಯನ್ನು ಅಸಲಿಗೆ ಸೇರಿಸಲು ಅವಕಾಶವಿರುವುದರಿಂದ ಎಲ್ಲ ರಸೀದಿಗಳನ್ನೂ ಜೋಪಾನವಾಗಿ ಇಡಬೇಕು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದು ನಿಷಿದ್ಧ.

ಸ್ಥಿರಾಸ್ತಿ ಬೇಡವೆಂಬುದು ಇದರ ತಾತ್ಪರ್ಯವಲ್ಲ. ಹಲವು ವರ್ಷ ಇಟ್ಟುಕೊಳ್ಳಬಲ್ಲ, ವ್ಯಾಪಾರಕ್ಕೆ ಬೇಕಾಗದ ಹಣಕ್ಕೆ ಅದು ತಕ್ಕ ನೆಲೆಯೇ ಸರಿ. ಆದರೆ ಮುಂಗಡ ಕೊಡುವ ಮುನ್ನ ಋಣಭಾರ ಪ್ರಮಾಣಪತ್ರ, ಖಾತಾ ಮತ್ತು ಮಾರ್ಗಸೂಚಿ ಮೌಲ್ಯಗಳನ್ನು ಪರಿಶೀಲಿಸಿ, ಮೇಲಿನ ವೆಚ್ಚಗಳನ್ನು ಒಂದು ಹಾಳೆಯ ಮೇಲೆ ಬರೆದು, ಲೆಕ್ಕಪರಿಶೋಧಕರೊಡನೆ ಚರ್ಚಿಸುವುದು ಕ್ಷೇಮಕರ. ಸರಕಿಗೆ ಹಾಕುವ ಲೆಕ್ಕವನ್ನೇ ಸ್ವತ್ತಿಗೂ ಹಾಕಿದ ವರ್ತಕರು ನಷ್ಟಕ್ಕೆ ಗುರಿಯಾಗುವ ಸಂಭವ ಕಡಿಮೆ.