ಸೇವೆಯಿಂದ ಮರಳಿದ ಮೇಲೆ

ಕ್ರೈಸ್ತ ಸಮಾಜದ ತರುಣ ತರುಣಿಯರು ಮಿಶನ್ ಸೇವೆಗಾಗಿ ದೂರದ ಊರುಗಳಿಗೆ ಹೋಗಿಬರುವ ಪದ್ಧತಿಯುಂಟು. ನಮ್ಮ ವಿದ್ಯಾರ್ಥಿಗಳೂ ಸೇವಾಶಿಬಿರಗಳಿಗೆ ಹೋಗಿಬರುತ್ತಾರೆ. ಇಬ್ಬರ ಅನುಭವವೂ ಒಂದೇ. ಮರಳಿದ ಮೊದಲ ವಾರ ಉತ್ಸಾಹವು ಉಕ್ಕುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಆರಿಹೋಗುತ್ತದೆ. ಶಿಬಿರದಿಂದ ಬಂದ ಹುಡುಗನೊಬ್ಬನು ಶಾಲೆಯ ಬಾವಿಕಟ್ಟೆಯನ್ನು ತಾನೇ ಶುಚಿಯಾಗಿಡುವೆನೆಂದು ನನ್ನಲ್ಲಿ ಹೇಳಿದನು. ಮೂರು ವಾರ ಮಾಡಿದನು. ನಾಲ್ಕನೆಯ ವಾರ ಕಸಬರಿಗೆಯು ಗೋಡೆಗೆ ಒರಗಿಯೇ ಇತ್ತು. ನಾನು ಗದರಿಸಲಿಲ್ಲ, ದೋಷವು ಅವನೊಬ್ಬನದಲ್ಲ.

ಇದಕ್ಕೆ ಕಾರಣವೇನು? ಸೇವೆಗೆ ಹೋದಲ್ಲಿ ಹೊತ್ತುಹೊತ್ತಿಗೆ ನಿಯಮಿಸಿದ ಕೆಲಸವಿರುತ್ತದೆ. ಜೊತೆಗೂಡಿ ದುಡಿಯುವ ಸಂಗಾತಿಗಳಿರುತ್ತಾರೆ. ಜನರ ಕಷ್ಟವು ಕಣ್ಣೆದುರಿಗೇ ಇರುತ್ತದೆ. ಮನೆಗೆ ಬಂದೊಡನೆ ಈ ಮೂರು ಆಧಾರಗಳೂ ತಪ್ಪುತ್ತವೆ. ಚಪ್ಪರ ಬಿದ್ದರೆ ಬಳ್ಳಿಯೂ ನೆಲಕ್ಕೆ ಬೀಳುವುದು ಸಹಜ. ಬಳ್ಳಿಯು ಸತ್ತಿಲ್ಲ, ಹೊಸ ಚಪ್ಪರವನ್ನು ಹಾಕಬೇಕು, ಅಷ್ಟೆ.

ಹೊಸ ಚಪ್ಪರವನ್ನು ಹಾಕಿಕೊಂಡವರ ನಿದರ್ಶನವು ನಮ್ಮ ನೆರೆಯಲ್ಲಿಯೇ ಇದೆ. ಕಾಸರಗೋಡಿನ ತೆಂಕಣದ ತಲಶ್ಶೇರಿಯಲ್ಲಿಯೂ ಬಡಗಣದ ಮಂಗಳೂರಿನಲ್ಲಿಯೂ ಬಾಸೆಲ್ ಮಿಶನ್ನಿನವರು ನೆಲಸಿದ್ದರು. ಅವರಲ್ಲಿ ಹೆರ್ಮನ್ ಗುಂಡರ್ಟ್ ಎಂಬವರು 1836ರಲ್ಲಿ ಭಾರತಕ್ಕೆ ಬಂದರು. ಮತಪ್ರಚಾರವು ಉದ್ದೇಶವಾಗಿದ್ದರೂ, ಜನರ ಮಾತನ್ನು ಚೆನ್ನಾಗಿ ಅರಿಯಬೇಕೆಂದು ಮಲೆಯಾಳದ ಶಬ್ದಗಳನ್ನು ವರ್ಷಗಟ್ಟಲೆ ಸಂಗ್ರಹಿಸಿದರು. ದೇಹಸ್ಥಿತಿ ಕೆಟ್ಟುದರಿಂದ 1859ರಲ್ಲಿ ಸ್ವದೇಶಕ್ಕೆ ಮರಳಬೇಕಾಯಿತು. ಆದರೆ ಕೆಲಸವನ್ನು ಅಲ್ಲಿಗೇ ಬಿಡಲಿಲ್ಲ. ಜರ್ಮನಿಯ ಕಾಲ್ವ್ ಎಂಬ ಪಟ್ಟಣದಲ್ಲಿ ಪುಸ್ತಕ ಪ್ರಕಾಶನದ ಹೊಣೆಯನ್ನು ಹೊತ್ತಿದ್ದಾಗಲೂ ಕೋಶದ ಕೆಲಸವನ್ನು ಮುಂದುವರಿಸಿದರು. 1872ರಲ್ಲಿ ಅವರ ಮಲೆಯಾಳ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಮರಳಿದಂದಿನಿಂದ ಅದಕ್ಕೆ ಹಿಡಿದುದು 13 ವರ್ಷ!

ಕನ್ನಡಿಗರಿಗೆ ಪ್ರಾತಃಸ್ಮರಣೀಯರಾದ ಫರ್ಡಿನಂಡ್ ಕಿಟ್ಟೆಲ್ ಅವರೂ ಇದೇ ಮಿಶನ್ನಿನವರು, 1853ರಲ್ಲಿ ಬಂದವರು. ಸುಮಾರು 70,000 ಶಬ್ದಗಳುಳ್ಳ ಅವರ ಕನ್ನಡ-ಇಂಗ್ಲಿಷ್ ಕೋಶವು 1894ರಲ್ಲಿ ಹೊರಬಂತು. ಕೋಶ ಮುಗಿಯಿತೆಂದು ಅವರು ಕೈಕಟ್ಟಿ ಕೂಡಲಿಲ್ಲ. ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿದ್ದುಕೊಂಡೇ ಕನ್ನಡದ ವಿಸ್ತಾರವಾದ ವ್ಯಾಕರಣವನ್ನು ಬರೆದರು. 1903ರಲ್ಲಿ ಆ ಗ್ರಂಥವು ಪ್ರಕಟವಾಯಿತು. ಅದೇ ವರ್ಷ, 71ನೆಯ ವಯಸ್ಸಿನಲ್ಲಿ, ಅವರು ದಿವಂಗತರಾದರು. ಸುತ್ತಲೂ ಕನ್ನಡದ ಸೊಲ್ಲೇ ಕೇಳಿಸದ ಊರಿನಲ್ಲಿ ಅವರ ಮೇಜಿನ ಮೇಲೆ ಕನ್ನಡವು ಜೀವಂತವಾಗಿತ್ತು.

ಇವರಿಬ್ಬರನ್ನೂ ಎತ್ತಿಹಿಡಿದುದು ಭಾವೋದ್ರೇಕವಲ್ಲ, ದಿನದಿನದ ಕೆಲಸ. ಆದುದರಿಂದ ಸೇವೆಯಿಂದ ಮರಳಿದವರು ಮೂರು ವಿಷಯಗಳನ್ನು ಲಕ್ಷ್ಯದಲ್ಲಿಡತಕ್ಕದ್ದು. ಮೊದಲನೆಯದಾಗಿ, ಹತ್ತು ಸಂಕಲ್ಪಗಳನ್ನು ಬಿಟ್ಟು ಒಂದು ಸಣ್ಣ ಕೆಲಸವನ್ನು ಆರಿಸಿ, ಅದಕ್ಕೆ ದಿನವನ್ನೂ ವೇಳೆಯನ್ನೂ ಗೊತ್ತುಮಾಡಬೇಕು. ಎರಡನೆಯದಾಗಿ, ಒಬ್ಬ ಸಂಗಾತಿಯನ್ನು ಕೂಡಿಸಿಕೊಳ್ಳಬೇಕು. ಒಬ್ಬನು ಸೋತಾಗ ಇನ್ನೊಬ್ಬನು ಎಚ್ಚರಿಸುವನು. ಮೂರನೆಯದಾಗಿ, ಹೋದ ಊರಿನವರನ್ನು ಮರೆಯದೆ ಆಗಾಗ ಪತ್ರ ಬರೆಯಬೇಕು. ಅಲ್ಲಿ ಕಂಡ ಕಷ್ಟವು ನಮ್ಮ ಕೇರಿಯಲ್ಲಿಯೂ ಇರುವುದನ್ನು ಕಣ್ದೆರೆದು ನೋಡಬೇಕು. ನೆರೆಮನೆಯ ಅಜ್ಜಿಗೆ ಔಷಧಿ ತಂದುಕೊಡುವುದೂ ಸೇವೆಯೇ.

ತಾಯಿತಂದೆಗಳಲ್ಲಿ ಒಂದು ಬಿನ್ನಹ. ಮರಳಿದ ಮಗುವಿನ ಮಾತನ್ನು ಕೇಳಿ ಮೆಚ್ಚಿದರೆ ಸಾಲದು. ವಾರಕ್ಕೆ ಒಂದು ಗಂಟೆಯನ್ನು ಆ ಕೆಲಸಕ್ಕೆ ಬಿಟ್ಟುಕೊಡಿರಿ. ಪರೀಕ್ಷೆಯ ನೆಪದಿಂದ ಅದನ್ನು ಕಸಿದುಕೊಳ್ಳಬೇಡಿರಿ.

ಬಾವಿಕಟ್ಟೆಯ ಹುಡುಗನಿಗೂ ನಾನು ಹೇಳಿದುದು ಇಷ್ಟೇ: "ದಿನಾಲೂ ಬೇಡ, ಶನಿವಾರ ಮಾತ್ರ ಮಾಡು, ಒಬ್ಬನೇ ಬೇಡ, ಗೆಳೆಯನನ್ನು ಕರೆದುಕೊ." ಈಗ ಶನಿವಾರ ಬೆಳಿಗ್ಗೆ ಬಾವಿಯ ಬಳಿ ಎರಡು ಕಸಬರಿಗೆಗಳ ಸದ್ದು ಕೇಳಿಸುತ್ತದೆ.