ಹೊಗೆಯನ್ನು ತೊಳೆಯುವ ಬಗೆ

ಗುಡುಗುಡಿಯ ಹೊಗೆಯು ನೀರಿನಲ್ಲಿ ಮುಳುಗಿ ಬರುವುದರಿಂದ ಶುದ್ಧವಾಗಿರುತ್ತದೆಂದು ಹೇಳುವ ಹಿರಿಯರುಂಟು. ಅದು ನಿಜವಾಗಿದ್ದರೆ ಸೇದಿದವನ ಬಾಯಿಂದ ಬೆಳ್ಳಗಿನ ಹೊಗೆ ಹೊರಡುತ್ತಿರಲಿಲ್ಲ. ನೀರಿನಲ್ಲೇಳುವ ಗುಳ್ಳೆಯು ಹೊಗೆಯನ್ನು ತನ್ನ ಹೊಟ್ಟೆಯಲ್ಲಿಟ್ಟುಕೊಂಡೇ ಮೇಲಕ್ಕೆ ಬರುತ್ತದೆ. ಒಳಗಿರುವ ಕಣಗಳಲ್ಲಿ ಬಹುಪಾಲು ನೀರನ್ನು ಮುಟ್ಟುವುದೇ ಇಲ್ಲ. ಕಾರ್ಖಾನೆಯ ಹೊಗೆಯನ್ನು ನೀರಿನಿಂದ ತೊಳೆಯಲು ಹೊರಟ ಯಂತ್ರಶಾಸ್ತ್ರಜ್ಞರಿಗೂ ಇದೇ ತೊಡಕು ಎದುರಾಯಿತು.

ದಪ್ಪ ಧೂಳನ್ನು ತೊಳೆಯುವುದು ಸುಲಭ. ಎತ್ತರವಾದ ಗೋಪುರದೊಳಗೆ ಮೇಲಿನಿಂದ ನೀರನ್ನು ಸಿಂಪಡಿಸಿ, ಕೆಳಗಿನಿಂದ ಹೊಗೆಯನ್ನು ಬಿಟ್ಟರೆ ಸಾಕು. ಹೊಳೆಯ ಸೆಳವಿನಲ್ಲಿ ಬರುವ ಮರದ ದಿಮ್ಮಿಯು ಬಂಡೆಗೆ ಬಡಿಯುವುದು. ಹುಲ್ಲುಕಡ್ಡಿಯಾದರೋ ನೀರಿನೊಡನೆ ಬಳಸಿಕೊಂಡು ಹೋಗುವುದು. ಹಾಗೆಯೇ ಭಾರವಾದ ಕಣವು ನೀರಿನ ಹನಿಗೆ ತಾಗಿ ಸಿಕ್ಕಿಬೀಳುವುದು, ಸೂಕ್ಷ್ಮವಾದುದು ಗಾಳಿಯೊಡನೆ ಹನಿಯನ್ನು ಬಳಸಿ ಪಾರಾಗುವುದು. ಇದರಲ್ಲೊಂದು ವಿಚಿತ್ರವುಂಟು. ಅತ್ಯಂತ ಕಿರಿದಾದ ಕಣಗಳು ಗಾಳಿಯ ಅಣುಗಳ ತಾಡನದಿಂದ ಅತ್ತಿತ್ತ ತುಯ್ದಾಡುತ್ತ ತಾವಾಗಿಯೇ ಹನಿಗೆ ಬಂದು ತಾಗುತ್ತವೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು; ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. 0.1ರಿಂದ 1 ಮೈಕ್ರಾನಿನವರೆಗಿನ ಕಣಗಳು ಬಡಿಯುವಷ್ಟು ಭಾರವೂ ಅಲ್ಲ, ತುಯ್ದಾಡುವಷ್ಟು ಹಗುರವೂ ಅಲ್ಲ. ತಪ್ಪಿಸಿಕೊಳ್ಳುವುದರಲ್ಲಿ ಇವು ಬಲು ಜಾಣ. ದುರದೃಷ್ಟವೆಂದರೆ, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವುಗಳಲ್ಲಿ ಇವೂ ಸೇರಿವೆ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಘನಮೀಟರು ಗಾಳಿಯಲ್ಲಿ ವರ್ಷದ ಸರಾಸರಿಯಾಗಿ 5 ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ತಿಳಿಸಿತು.

ಉಕ್ಕಿನ ಕಾರ್ಖಾನೆಯನ್ನೇ ಉದಾಹರಣೆಯಾಗಿ ನೋಡೋಣ. ಕರಗಿದ ಕಬ್ಬಿಣದೊಳಕ್ಕೆ ಆಮ್ಲಜನಕವನ್ನು ಊದಿ ಉಕ್ಕು ಮಾಡುವ ಕ್ರಮವು 1952ರಲ್ಲಿ ಆಸ್ಟ್ರಿಯ ದೇಶದ ಲಿಂಜ್ ನಗರದಲ್ಲಿ ಬಳಕೆಗೆ ಬಂದಿತು. ಆಗ ಏಳುವ ಕೆಂಗಂದು ಹೊಗೆಯೆಂದರೆ ಕಬ್ಬಿಣದ ತುಕ್ಕಿನಂಥ ನುಣುಪಾದ ಹುಡಿಯೇ. ಬಹಳಷ್ಟು ಕಣಗಳು ಒಂದು ಮೈಕ್ರಾನಿಗಿಂತಲೂ ಸಣ್ಣವು. ಇಂಥ ಹೊಗೆಗೆ ಅನೇಕ ಕಡೆಗಳಲ್ಲಿ ವೆಂಚುರಿ ಎಂಬ ತೊಳೆಯುವ ಯಂತ್ರವನ್ನು ಕೂಡಿಸುತ್ತಾರೆ. ಇಟಲಿಯ ಭೌತವಿಜ್ಞಾನಿ ವೆಂಚುರಿ (1746–1822) ಎಂಬವರ ಹೆಸರೇ ಇದಕ್ಕೆ ಬಂದಿದೆ. ಕೊಳವೆಯು ನಡುವೆ ಕಿರಿದಾಗುತ್ತದೆ; ಆ ಕೊರಳಿನಲ್ಲಿ ಹೊಗೆಯು ಸೆಕೆಂಡಿಗೆ 60ರಿಂದ 120 ಮೀಟರು ವೇಗದಲ್ಲಿ ನುಗ್ಗುತ್ತದೆ. ಅಲ್ಲಿ ಬಿಟ್ಟ ನೀರು ಆ ರಭಸಕ್ಕೆ ಸಿಡಿದು ಅಸಂಖ್ಯ ಹನಿಗಳಾಗುತ್ತದೆ. ಹನಿಗಳು ಇನ್ನೂ ವೇಗ ಪಡೆಯುವ ಮೊದಲೇ ಕಣಗಳು ಅವುಗಳ ಮೇಲೆ ಬಂದೆರಗುತ್ತವೆ. ಪಕ್ಕಕ್ಕೆ ಸರಿಯಲು ವ್ಯವಧಾನವೆಲ್ಲಿ! ಬಳಿಕ ಹೊಗೆಯನ್ನು ಸುಳಿಯಂತೆ ತಿರುಗಿಸಿ ಹನಿಗಳನ್ನು ಬೇರ್ಪಡಿಸುತ್ತಾರೆ.

ಆದರೆ ಈ ರಭಸವು ಪುಕ್ಕಟೆಯಾಗಿ ದೊರೆಯದು. ಕಣಗಳು ಸಣ್ಣವಾದಷ್ಟೂ ಬೀಸಣಿಗೆಯ ಯಂತ್ರವು ಹೆಚ್ಚು ಒತ್ತಡ ಕೊಡಬೇಕು. ಕೆಲವೆಡೆ ಒಂದು ಮೀಟರಿಗೂ ಎತ್ತರವಾದ ನೀರಿನ ಕಂಬವನ್ನು ಎತ್ತಿಹಿಡಿಯುವಷ್ಟು. ವಿದ್ಯುತ್ತಿನ ಖರ್ಚಿಗಾಗಿ ಯಂತ್ರವನ್ನು ನಿಧಾನಗೊಳಿಸಿದರೆ ದಪ್ಪ ಧೂಳು ಮುಂಚಿನಂತೆಯೇ ಸಿಕ್ಕೀತು. ಜನರ ಎದೆ ಸೇರುವ ನುಣುಪು ಹುಡಿ ಮಾತ್ರ ಹೊರಬಿದ್ದೀತು. ಹೊಗೆಗೊಳವಿಯ ತುದಿಯಲ್ಲಿ ಬೆಳ್ಳಗೆ ಕಾಣುವ ಹಬೆಯು ಅದನ್ನು ಮರೆಮಾಡಲೂಬಹುದು. ನಮ್ಮ ಮಟ್ಟಿಗೆ, ಅಳೆದು ನೋಡದೆ ಕಣ್ಣನ್ನು ನಂಬುವುದು ತರವಲ್ಲ.

ಇದಕ್ಕೆ ಇನ್ನೊಂದು ಉಪಾಯವನ್ನೂ ಕಂಡುಕೊಂಡಿದ್ದಾರೆ. ಮಂಜಿನ ಹನಿಯು ಧೂಳಿನ ಕಣವನ್ನು ಆಶ್ರಯಿಸಿಯೇ ಹುಟ್ಟುವುದೆಂದು ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ 1880ರ ಸುಮಾರಿಗೆ ತೋರಿಸಿಕೊಟ್ಟಿದ್ದರು. ಹಬೆ ತುಂಬಿದ ಹೊಗೆಯನ್ನು ತಣಿಸಿದರೆ ಕಣಗಳ ಮೇಲೆ ನೀರು ಕೂಡಿ ಅವು ದಪ್ಪವಾಗುತ್ತವೆ. ಆಮೇಲೆ ಅವನ್ನು ಹಿಡಿಯಲು ಅಷ್ಟು ರಭಸ ಬೇಕಿಲ್ಲ.

ತೊಳೆದ ನೀರನ್ನು ಹೊಳೆಗೆ ಬಿಟ್ಟರಂತೂ ಗಾಳಿಯ ಕೊಳೆ ನೀರಿಗೆ ಬಂದಂತಾಯಿತು. ಅದನ್ನು ದೊಡ್ಡ ತೊಟ್ಟಿಗಳಲ್ಲಿ ನಿಲ್ಲಿಸಿ ತಿಳಿಯಾಗಿಸಿ, ತಿಳಿನೀರನ್ನು ಮತ್ತೆ ಯಂತ್ರಕ್ಕೇ ಹರಿಸುವರು. ತಳದಲ್ಲಿ ನಿಂತ ಕೆಸರಿನಲ್ಲಿ ಕಬ್ಬಿಣವು ಹೇರಳವಾಗಿರುವುದರಿಂದ, ಕೆಲವು ಕಾರ್ಖಾನೆಗಳು ಅದನ್ನು ಒಣಗಿಸಿ, ಅದಿರಿನೊಡನೆ ಬೆರೆಸಿ, ಪುನಃ ಕುಲುಮೆಗೆ ಹಾಕುತ್ತವೆ.